ತಮ್ಮನ ಹಿಂದಿನ ಚಕ್ರ

ನಮ್ಮ ಬೀದಿಯ ಕೊನೆಯಲ್ಲಿ, ಟೈರು ಗೋದಾಮಿನ ಗೋಡೆಗೆ ಒತ್ತಿಕೊಂಡಂತೆ ಒಂದು ಉದ್ದನೆಯ ಕೋಣೆ ಇತ್ತು. ಬೈಕ್ ರೇಸಿನವರು ತೊಡುವ ಚರ್ಮದ ಸೂಟುಗಳನ್ನು ಹೊಲಿಯುವ ಅಂಗಡಿ ಅದು. ಹೊಲಿಯುತ್ತಿದ್ದವರನ್ನು ನಾವೆಲ್ಲ ದರ್ಜಿಯಮ್ಮ ಎನ್ನುತ್ತಿದ್ದೆವು. ಹೊಸ ಸೂಟು ಹೊಲಿಯುವುದಕ್ಕಿಂತ ಹರಿದದ್ದನ್ನು ರಿಪೇರಿ ಮಾಡುವ ಕೆಲಸವೇ ಅವರಿಗೆ ಹೆಚ್ಚು. ಊರಾಚೆ ರೇಸ್ ಟ್ರ್ಯಾಕ್ ಇದ್ದುದರಿಂದ ಹರಿದ ಸೂಟುಗಳಿಗೆ ಯಾವತ್ತೂ ಬರ ಬಂದದ್ದಿಲ್ಲ.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಚಿಕ್ಕವನು ಮಗ. ಲಾರಿ ಓಡಿಸುತ್ತಿದ್ದ ಗಂಡ ಮೊದಲು ಅಪರೂಪಕ್ಕೆ ಮನೆಗೆ ಬರುತ್ತಿದ್ದರು, ಆಮೇಲೆ ಬರುವುದನ್ನೇ ಬಿಟ್ಟರು. ನಾನು ಹೇಳಹೊರಟಿರುವುದು ಮಗಳ ಕಥೆ. ಆದರೆ ತಮ್ಮನನ್ನು ಬಿಟ್ಟು ಅವಳ ಕಥೆ ಹೇಳಲು ಬರುವುದಿಲ್ಲ. ಇದರಲ್ಲಿ ಬಹುಪಾಲು ಅವಳೇ ನನಗೆ ಹೇಳಿದ್ದು.

ಶಾಲೆ ಮುಗಿಸಿ ಬಂದಮೇಲೆ ಕಿತ್ತುಹೋದ ಹೊಲಿಗೆಗಳನ್ನು ಬಿಚ್ಚಿಕೊಡುವುದು ಅವಳ ಪಾಲಿನ ಕೆಲಸವಾಗಿತ್ತು. ಸೂಟಿನ ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿ, ರಕ್ತದ ಕಲೆ ಇದ್ದರೆ ಮೊದಲು ತಣ್ಣೀರಿನ ಬಟ್ಟೆಯಲ್ಲಿ ಒರೆಸಬೇಕು. ಹಾಗೆ ಒರೆಸುತ್ತ ಒರೆಸುತ್ತ ಅವಳಿಗೆ ಸೂಟುಗಳನ್ನು ಓದುವುದು ಬಂದುಬಿಟ್ಟಿತು. ಮೊಣಕೈ ಮಾತ್ರ ಸವೆದಿದ್ದರೆ ಸವಾರ ಜಾರಿಕೊಂಡು ಹೋಗಿ ಎದ್ದಿದ್ದಾನೆ. ಭುಜದ ಹೊಲಿಗೆ ಒಡೆದಿದ್ದರೆ ಉರುಳಿದ್ದಾನೆ. ಬೆನ್ನಿನಲ್ಲಿ ಒಂದೇ ಕಡೆ ಆಳವಾಗಿ ಕಿತ್ತಿದ್ದರೆ ಅವನದೇ ಗಾಡಿ ಅವನ ಮೇಲೆ ಬಿದ್ದಿದೆ. ಇನ್ನು ಕೆಲವು ಸೂಟುಗಳು ಎದೆಯಿಂದ ಹೊಟ್ಟೆಯವರೆಗೆ ನೆಟ್ಟಗೆ ಕತ್ತರಿಯಲ್ಲಿ ಕತ್ತರಿಸಿಕೊಂಡು ಬರುತ್ತಿದ್ದವು. ಅವು ಆಸ್ಪತ್ರೆಯಲ್ಲಿ ಕತ್ತರಿಸಿದವು. ಅಂಥವನ್ನು ಕೆಲವೊಮ್ಮೆ ತಂದು ಕೊಡುತ್ತಿದ್ದರೇ ಹೊರತು ವಾಪಸ್ ಒಯ್ಯಲು ಯಾರೂ ಬರುತ್ತಿರಲಿಲ್ಲ. ದರ್ಜಿಯಮ್ಮ ಅವನ್ನು ಬಿಸಾಡಲೂ ಆಗದೆ ಕೋಣೆಯ ಹಿಂಭಾಗದ ಕಬ್ಬಿಣದ ಸರಳಿಗೆ ತೂಗುಹಾಕುತ್ತಿದ್ದರು. ಆ ಕಡೆಯ ಬಲ್ಬು ಕೆಟ್ಟರೆ ಬದಲಾಯಿಸುವವರು ಯಾರೂ ಇರಲಿಲ್ಲ. ಸೂಟು ಹೊಲಿಯುವಾಗ ತೋಳು, ಮೊಣಕಾಲು ಬಗ್ಗಿಸಿಯೇ ಹೊಲಿಯುತ್ತಾರಾದ್ದರಿಂದ, ತೂಗುಹಾಕಿದರೂ ಅವು ಇನ್ನೂ ಗಾಡಿ ಹಿಡಿದಂತೆಯೇ ಇರುತ್ತಿದ್ದವು. ದಾರದ ಉಂಡೆ ತರಲು ಅಲ್ಲಿಗೆ ಹೋಗಬೇಕಾಗಿ ಬಂದರೆ ಹುಡುಗಿ ಕಣ್ಣು ನೆಲಕ್ಕಿಟ್ಟು ಓಡಿಹೋಗಿ ಓಡಿಬರುತ್ತಿದ್ದಳು.

ತಮ್ಮನಿಗೆ ಮಾತ್ರ ಅವು ಆಟದ ಬಟ್ಟೆ. ಅದೇ ಸರಳಿನಿಂದ ಒಂದನ್ನು ಇಳಿಸಿಕೊಂಡು ಅದರೊಳಗೆ ತೂರಿ, ಸ್ಟೂಲಿನ ಮೇಲೆ ಕೂತು, ಬಾಯಲ್ಲಿ ಇಂಜಿನ್ನಿನ ಸದ್ದು ಮಾಡುತ್ತ ಎಡಕ್ಕೂ ಬಲಕ್ಕೂ ವಾಲುತ್ತಿದ್ದ. ಅಕ್ಕ ಕಿರುಚಿದರೆ ಅವನಿಗೆ ಇನ್ನಷ್ಟು ಖುಷಿ.

ಅವನು ಮೊದಲ ಸಲ ಗಾಡಿ ಓಡಿಸಿದ್ದನ್ನು ನಾನೇ ನೋಡಿದ್ದೇನೆ. ಗೋದಾಮಿನ ಕಾವಲುಗಾರನ ಹಳೆಯ ಮೊಪೆಡ್ ಅದು. ಯಾರೂ ಹೇಳಿಕೊಡಲಿಲ್ಲ. ಹತ್ತಿದ, ತಿರುಗಿಸಿದ, ಹೋದ. ಅಂಗಳದ ಮೂಲೆಯಲ್ಲಿ ನೀರು ಹರಿಯುವಷ್ಟು ಸಲೀಸಾಗಿ ವಾಲಿಸಿ ತಿರುಗಿಸಿಕೊಂಡು ಬಂದ.

"ಯಾರೋ ಕಲಿಸಿದ್ದು ನಿಂಗೆ?" ಎಂದ ಕಾವಲುಗಾರ.

"ಯಾರೂ ಇಲ್ಲ ಮಾವ. ಅದೇ ಹೋಗುತ್ತೆ, ನಾನು ಸುಮ್ನೆ ಕೂತ್ಕೋತೀನಿ."

ಅದಾದ ಮೇಲೆ ಅಕ್ಕನೂ ಹತ್ತಿದಳು. ಗೇಟಿಗೆ ಹೋಗಿ ಗುದ್ದಿ, ಮೊಣಕೈ ಕಿತ್ತುಕೊಂಡು, ಮೊಪೆಡ್ಡನ್ನು ಬೈದು ಮನೆಗೆ ಬಂದಳು.

ಅವನು ಬೆಳೆದು, ರಿಪೇರಿಯಾದ ಸೂಟುಗಳನ್ನು ಟ್ರ್ಯಾಕಿಗೆ ತಲುಪಿಸುವ ಕೆಲಸಕ್ಕೆ ಹೋಗತೊಡಗಿದ. ಅಲ್ಲಿ ಮೇಷ್ಟ್ರ ಕಣ್ಣಿಗೆ ಬಿದ್ದ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಹಿಂದೆ ರೇಸಿನಲ್ಲಿ ಓಡಿ, ಒಂದು ಕಾಲು ಗಿಡ್ಡವಾಗಿ, ಈಗ ಸಣ್ಣದೊಂದು ತಂಡ ನಡೆಸುತ್ತಿದ್ದವರು. ಹುಡುಗನಿಗೆ ತಮಾಷೆಗೆಂದು ಗಾಡಿ ಕೊಟ್ಟವರು ಅವನು ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ತಮಾಷೆ ಮರೆತಿದ್ದರು. ಅವತ್ತೇ ಸಂಜೆ ಅಂಗಡಿಗೆ ಬಂದರು.

"ಇದು ಕಲಿಸಿದ್ರೆ ಬರೋದಲ್ಲಮ್ಮ. ಹುಟ್ಟುತ್ತಲೇ ಬರಬೇಕು. ಇಷ್ಟು ವರ್ಷದಲ್ಲಿ ಇಂಥವನನ್ನ ನಾನು ನೋಡಿಲ್ಲ. ಕೊಡಿ ನಂಗೆ ಇವನನ್ನ."

ದರ್ಜಿಯಮ್ಮ ಮಷೀನು ನಿಲ್ಲಿಸಲಿಲ್ಲ. ಹಿಂದಿನ ಸರಳಿನ ಕಡೆ ಗದ್ದ ಎತ್ತಿ ತೋರಿಸಿದರು. "ಸಾರ್, ಅಲ್ಲಿ ನೇತಾಡ್ತಾ ಇವೆಯಲ್ಲ, ಅವರ ಅಮ್ಮಂದಿರಿಗೂ ನೀವು ಇದನ್ನೇ ಹೇಳಿದ್ರಾ?"

ಮೇಷ್ಟ್ರು ವಾಪಸ್ ಹೋದರು. ಆದರೆ ಹುಡುಗ ಊಟ ಬಿಟ್ಟ, ಮಾತು ಬಿಟ್ಟ. ಕೊನೆಗೆ ದರ್ಜಿಯಮ್ಮ ಒಪ್ಪಲೇಬೇಕಾಯಿತು. ಒಪ್ಪಿದ ದಿನ ಮಗಳನ್ನು ಕರೆದು, "ನೀನು ಅವನ ಜೊತೆ ಹೋಗು. ಏನು ಮಾಡ್ತೀಯೋ ನಂಗೊತ್ತಿಲ್ಲ, ಹೋಗು" ಎಂದರು.

ಏನು ಮಾಡುವುದಿದೆ? ಟ್ರ್ಯಾಕಿನ ಪಕ್ಕದ ಗಿಡ್ಡ ಗೋಡೆಯ ಮೇಲೆ ಕೂತು ನೋಡುವುದು. ತಮ್ಮನ ಗಾಡಿ ಎದುರಿನಿಂದ ಗುಂಯ್ ಎಂದು ಹಾದುಹೋಗಿ, ಮೊದಲ ತಿರುವಿನಲ್ಲಿ ಮರೆಯಾಗುತ್ತಿತ್ತು. ಆಮೇಲೆ ಸದ್ದು ಮಾತ್ರ. ಸದ್ದು ಒಮ್ಮೆ ಏರಿ, ಒಮ್ಮೆ ಇಳಿದು, ದೂರದ ದಿಬ್ಬದ ಆಚೆ ಪೂರ್ತಿ ಇಲ್ಲವಾಗುತ್ತಿತ್ತು. ಅವನು ಮತ್ತೆ ಕಾಣಿಸುವವರೆಗೆ ಅವಳು ಉಸಿರು ಹಿಡಿದೇ ಇರುತ್ತಿದ್ದಳು. ಕಣ್ಣ ಮುಂದೆ ಸೂಟುಗಳು ಬರುತ್ತಿದ್ದವು. ಈಗ ಮೊಣಕೈ, ಈಗ ಭುಜ, ಈಗ ಬೆನ್ನು. ಪ್ರತಿ ಸುತ್ತಿಗೂ ಅವಳ ಮನಸ್ಸು ಅವನನ್ನು ಒಮ್ಮೆ ಬೀಳಿಸಿ ಎಬ್ಬಿಸುತ್ತಿತ್ತು. ಮನೆಗೆ ಹೋದರೆ ಅಮ್ಮನ ಎದುರು ನಗುನಗುತ್ತ "ಚೆನ್ನಾಗಿ ಓಡಿಸಿದ" ಎನ್ನಬೇಕು.

ಕೆಲವು ತಿಂಗಳು ತಡೆದು ಒಂದು ದಿನ ಮೇಷ್ಟ್ರ ಮುಂದೆ ಹೋಗಿ ನಿಂತಳು. "ಸಾರ್, ನಂಗೂ ಒಂದು ಗಾಡಿ ಕೊಡಿ."

"ನಿಂಗ್ಯಾಕಮ್ಮ? ಗಾಡಿ ಕಂಡ್ರೆ ನಡುಗ್ತೀಯ."

"ಇಲ್ಲಿ ಕೂತು ಹೆದರೋ ಬದಲು ಅಲ್ಲೇ ಹೋಗಿ ಹೆದರ್ತೀನಿ ಸಾರ್. ಅದೇ ಸುಲಭ ಅನ್ಸುತ್ತೆ."

ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಆದರೂ ಮೂಲೆಯಲ್ಲಿದ್ದ ಒಂದು ಹಳೆಯ ಗಾಡಿ ಕೊಟ್ಟರು.

ಅವಳು ಹೇಳಿದ್ದು ನಿಜವಾಗಿತ್ತು. ಗಾಡಿಯ ಮೇಲೆ ಭಯಕ್ಕೆ ಒಂದು ಕೆಲಸ ಸಿಗುತ್ತಿತ್ತು. ಬ್ರೇಕು ಹಿಡಿ, ಗೇರು ಇಳಿಸು, ಮೈ ವಾಲಿಸು ಎಂದು ಅದು ಅವಳನ್ನು ಓಡಾಡಿಸುತ್ತಿತ್ತು. ಸುಮ್ಮನೆ ಕೂತು ನೋಡುವವರ ಭಯಕ್ಕೆ ಕೈಕಾಲು ಇರುವುದಿಲ್ಲ.

ಪ್ರತಿಭೆ ಎನ್ನುವುದು ಅವಳಲ್ಲಿ ಹುಡುಕಿದರೂ ಇರಲಿಲ್ಲ. ಅದನ್ನು ಅವಳಿಗೆ ಯಾರೂ ಮುಚ್ಚಿಡಲೂ ಇಲ್ಲ. ಹಾಗಾಗಿ ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದಳು. ಎಲ್ಲಿ ಡಾಂಬರಿಗೆ ತೇಪೆ ಹಾಕಿದ್ದಾರೆ, ಎಲ್ಲಿ ಬಿರುಕು ಬಿಟ್ಟಿದೆ, ಯಾವ ಅಂಚುಗಲ್ಲು ಮುರಿದಿದೆ, ಎಲ್ಲ ಅವಳಿಗೆ ಬಾಯಿಪಾಠ. ಗಾಡಿ ಓಡಿಸುವಾಗ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು: "ತೇಪೆ, ಬ್ರೇಕು. ಬಿರುಕು, ವಾಲು. ಮುರಿದ ಕಲ್ಲು, ಬಿಡು." ಮೆಕ್ಯಾನಿಕ್ಕುಗಳು ಅವಳಿಗೆ ಲೆಕ್ಕದಕ್ಕ ಎಂದು ಹೆಸರಿಟ್ಟರು. ತಮ್ಮನಿಗೆ ಪಾದರಸ ಎಂಬ ಹೆಸರು ಮೊದಲೇ ಬಿದ್ದಿತ್ತು. "ಪಾದರಸ ಒಂದು ಸಲ ನೋಡಿದ್ರೆ ಸಾಕು, ಲೆಕ್ಕದಕ್ಕಂಗೆ ಒಂದು ವರ್ಷ ಬೇಕು" ಎಂದು ಅವಳೆದುರೇ ಆಡಿಕೊಳ್ಳುತ್ತಿದ್ದರು. ಒಂದು ವರ್ಷದಲ್ಲಿ ಬರುತ್ತದೆ ಎಂದು ಒಪ್ಪಿಕೊಂಡಿದ್ದಾರಲ್ಲ ಎಂದು ಅವಳು ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಅವಳ ನಿಜವಾದ ಪಾಠ ತಮ್ಮನ ಹಿಂದಿನ ಚಕ್ರ. ಅಭ್ಯಾಸದ ದಿನಗಳಲ್ಲಿ ಅವನ ಬೆನ್ನಿಗೆ ಬಿದ್ದು ಹೊರಡುತ್ತಿದ್ದಳು. ಮೊದಮೊದಲು ಒಂದೇ ತಿರುವಿನಲ್ಲಿ ಅವನು ಕೈತಪ್ಪಿ ಹೋಗುತ್ತಿದ್ದ. ಆಮೇಲೆ ಎರಡು ತಿರುವು ಹಿಡಿದಳು, ಮತ್ತಷ್ಟು ಕಾಲದ ಮೇಲೆ ಅರ್ಧ ಟ್ರ್ಯಾಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಚಕ್ರ ಎಲ್ಲಿ ತಿರುಗುತ್ತದೆ, ಎಲ್ಲಿ ಒಂಚೂರು ಜಾರುತ್ತದೆ, ಎಲ್ಲಿ ಮತ್ತೆ ನೆಲ ಕಚ್ಚುತ್ತದೆ ಎಂದು ನೋಡಿದಳು. ವರ್ಷಗಳು ಕಳೆದವು. ತಮ್ಮ ರೇಸ್ ಗೆಲ್ಲತೊಡಗಿದ. ಅಕ್ಕ ಅದೇ ತಂಡದ ಎರಡನೆಯ ಸವಾರಳಾಗಿ, ಹಿಂದಿನ ಸಾಲಿನಿಂದ ನಡುವಿನ ಸಾಲಿಗೆ ಬಂದಳು.

ಟ್ರ್ಯಾಕಿನಲ್ಲಿ ಎಲ್ಲಕ್ಕಿಂತ ಜೋರಾಗಿ ಹೋಗುವ ಜಾಗಕ್ಕೆ ಗೋಡೆ ತಿರುವು ಎನ್ನುತ್ತಿದ್ದರು. ಬಲಕ್ಕೆ ಉದ್ದಕ್ಕೆ ಬಾಗುವ ದಾರಿ, ಹೊರಗಡೆ ಕಿರಿದಾದ ಜಲ್ಲಿ, ಅದರಾಚೆ ಟೈರು ಪೇರಿಸಿದ ಗೋಡೆ. ಪತ್ರಿಕೆಯವನೊಬ್ಬ ತಮ್ಮನನ್ನು ಕೇಳಿದ, "ಗೋಡೆ ತಿರುವಲ್ಲಿ ಬ್ರೇಕ್ ಎಲ್ಲಿ ಹಿಡೀತೀರಾ?"

ತಮ್ಮ ಯೋಚಿಸಿದ. "ಹಿಡೀತೀನಾ? ಗೊತ್ತಿಲ್ಲ ಸಾರ್."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವಳಿಗೆ ಗೊತ್ತಿತ್ತು. ಅವನು ಅಲ್ಲಿ ಬ್ರೇಕು ಮುಟ್ಟುವುದೇ ಇಲ್ಲ. ಬಿರುಕಿನ ಹತ್ತಿರ ಆಕ್ಸಿಲರೇಟರನ್ನು ಉಗುರಿನಷ್ಟು ಸಡಿಲಿಸಿ, ಹಾಗೇ ಮೈ ಬಿಟ್ಟುಬಿಡುತ್ತಾನೆ. ಅಲ್ಲಿ ಒಂದು ಗೇಣು ತಪ್ಪಿದರೆ ಮುಂದೆ ಇರುವುದು ಗೋಡೆಯೇ. ಅವಳಂತೂ ಒಮ್ಮೆಯೂ ಹಾಗೆ ಹೋದವಳಲ್ಲ. ಅಲ್ಲಿ ಮಾತ್ರ ತೇಪೆ ಕಂಡ ಕೂಡಲೇ ಬ್ರೇಕು ಹಿಡಿಯುತ್ತಿದ್ದಳು.

ಪ್ರತಿ ರೇಸಿಗೂ ಮೊದಲು ಅವಳ ನಾಲಿಗೆ ಒಣಗುತ್ತಿತ್ತು. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಲು ಬೆರಳು ನಿಲ್ಲುತ್ತಿರಲಿಲ್ಲ. ತಮ್ಮನೇ ಹಾಕಿಕೊಡುತ್ತಿದ್ದ.

"ನೋಡೇ ನಿನ್ನ ಕೈ. ಅಮ್ಮನ ಮಷೀನಿಗಿಂತ ಜೋರಾಗಿ ಓಡ್ತಿದೆ."

"ನಿಂಗೆ ಹೆದರಿಕೆ ಅನ್ನೋದೇ ಆಗಲ್ವೇನೋ?"

"ಯಾವುದಕ್ಕೆ?" ಎಂದ ಅವನು. ಜಂಬಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಟ್ರ್ಯಾಕಿನ ಯಾವ ತಿರುವೂ ಅವಳನ್ನು ಅವನ ಆ ಮುಖದಷ್ಟು ಹೆದರಿಸಿರಲಿಲ್ಲ.

ಅವನು ಬಿದ್ದದ್ದು ಒಂದು ಒಣ ಮಧ್ಯಾಹ್ನ. ಮಳೆಯಿಲ್ಲ, ಗಾಳಿಯಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಸವಾರನೂ ಇಲ್ಲ. ಅವನು ಮುಂದಿದ್ದ, ಅಕ್ಕ ಹಿಂದೆ ಐದಾರು ಗಾಡಿಗಳ ಆಚೆ ಇದ್ದಳು. ಗೋಡೆ ತಿರುವಿನಲ್ಲಿ ಅವನ ಮುಂದಿನ ಚಕ್ರ ಮಡಚಿಕೊಂಡಂತೆ ಒಳಗೆ ಹೋಯಿತು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಜಲ್ಲಿಯ ಧೂಳು ಎದ್ದಿತು. ಅವಳು ಆ ಧೂಳಿನ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಟೈರಿನ ಗೋಡೆಯ ಬುಡದಲ್ಲಿ, ಅಮ್ಮ ನೀಲಿ ದಾರದಲ್ಲಿ ಹೊಲಿದ ಬೆನ್ನು ಅಲುಗಾಡದೆ ಬಿದ್ದಿರುವುದು ಕಣ್ಣಿಗೆ ಬಿತ್ತು. ಗಾಡಿ ನಿಲ್ಲಿಸಲು ಕೈಗೆ ತಿಳಿಯಲಿಲ್ಲ. ಕೆಂಪು ಬಾವುಟ ಬಂದು, ಎಲ್ಲರೂ ನಿಂತಮೇಲೆ, ಹೆಲ್ಮೆಟ್ ಕೂಡ ತೆಗೆಯದೆ ಓಡಿದಳು.

ಯಾಕೆ ಬಿದ್ದ ಎಂಬುದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಗಾಡಿ ಬಿಚ್ಚಿ ನೋಡಿದರು, ಟೈರು ನೋಡಿದರು, ರಸ್ತೆ ಗುಡಿಸಿ ನೋಡಿದರು. ಏನೂ ಇರಲಿಲ್ಲ. ಏನಾದರೂ ಸಿಕ್ಕಿದ್ದರೆ ಅದೊಂದಕ್ಕೆ ಹೆದರಿ ಉಳಿದದ್ದಕ್ಕೆ ಧೈರ್ಯವಾಗಿ ಇರಬಹುದಿತ್ತು.

ತೊಡೆಯ ಮೂಳೆ, ಕತ್ತಿನ ಕೆಳಗಿನ ಮೂಳೆ, ಪಕ್ಕೆಲುಬು ಮುರಿದಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದಮೇಲೆ ದಾದಿಯೊಬ್ಬರು ಅವಳ ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ದರ್ಜಿಯಮ್ಮ ಚೀಲ ಬಿಚ್ಚಿ ಸೂಟನ್ನು ಮೇಜಿನ ಮೇಲೆ ಹರಡಿದರು. ಎದೆಯಿಂದ ಹೊಟ್ಟೆಯವರೆಗೆ ನೆಟ್ಟಗೆ ಕತ್ತರಿಸಿತ್ತು. ಅವರು ಆ ಕತ್ತರಿಯ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ದಬ್ಬಣಕ್ಕೆ ದಾರ ಪೋಣಿಸಿದರು.

"ಅಮ್ಮಾ, ಬೇಡ. ಹೊಲಿದುಬಿಟ್ರೆ ಅವನು ಮತ್ತೆ ಹಾಕ್ಕೋತಾನೆ."

"ಹೊಲೀದಿದ್ರೆ ಅದು ಆ ಸರಳಿಗೆ ಹೋಗುತ್ತೆ. ನೀನೇ ಹೇಳು, ಯಾವುದು ಮಾಡ್ಲಿ?"

ದರ್ಜಿಯಮ್ಮ ಕತ್ತಲಾಗುವವರೆಗೆ ತಲೆ ಎತ್ತದೆ ಹೊಲಿದರು.

ಮೂಳೆ ಕೂಡಿತು. ಕೋಲು ಹಿಡಿದ, ಕೋಲು ಬಿಟ್ಟ, ಮತ್ತೆ ಟ್ರ್ಯಾಕಿಗೆ ಬಂದ. ತಂಡದವರು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಆದರೆ ಅವನು ನಿಧಾನವಾಗಿದ್ದ. ಕ್ಲಚ್ಚು ಸರಿಯಿಲ್ಲ ಎಂದ. ಬದಲಾಯಿಸಿದರು. ಮುಂದಿನ ಫೋರ್ಕು ಗಡುಸು ಎಂದ. ಅದನ್ನೂ ಬದಲಾಯಿಸಿದರು. ಟೈರು ಎಂದ. ಮೆಕ್ಯಾನಿಕ್ಕುಗಳು ಹಗಲೆಲ್ಲ ಗಾಡಿ ಬಿಚ್ಚಿ ಕಟ್ಟಿ ಸುಸ್ತಾದರು. ಮೇಷ್ಟ್ರು ಮಾತ್ರ, "ಹುಟ್ಟಿನಿಂದ ಬಂದಿದ್ದು ಎಲ್ಲಿ ಹೋಗುತ್ತೆ? ಬರುತ್ತೆ, ಬಿಡಿ" ಎನ್ನುತ್ತಿದ್ದರು.

ಮೊದಲು ಕಂಡುಹಿಡಿದವರು ಅಮ್ಮ. ಸವಾರರ ಸೂಟಿನ ಮೊಣಕಾಲಿಗೆ ಪ್ಲಾಸ್ಟಿಕ್ಕಿನ ದಪ್ಪ ಬಿಲ್ಲೆ ಅಂಟಿಸಿರುತ್ತಾರೆ. ತಿರುವಿನಲ್ಲಿ ಗಾಡಿ ವಾಲಿದಾಗ ಮಂಡಿ ನೆಲಕ್ಕೆ ತಗುಲಿ ಆ ಬಿಲ್ಲೆ ಸವೆಯುತ್ತದೆ. ತಮ್ಮನ ಬಿಲ್ಲೆಗಳನ್ನು ಅವರು ಮೊದಲು ವಾರವಾರ ಬದಲಾಯಿಸುತ್ತಿದ್ದರು. ಈಗ ಜಿಪ್ಪು ರಿಪೇರಿಗೆ ಬಂದ ಸೂಟಿನಲ್ಲಿ ಅವು ಅಂಟಿಸಿದ ದಿನದಂತೆಯೇ ನುಣ್ಣಗಿದ್ದವು. ಮಗಳನ್ನು ಕರೆದು ತೋರಿಸಿದರು.

"ಇವನು ವಾಲ್ತಾನೇ ಇಲ್ಲ ಕಣೇ."

ಮುಂದಿನ ಸಲ ಬಿಲ್ಲೆಗಳು ಸವೆದು ಬಂದವು. ಮಗಳಿಗೆ ಸಮಾಧಾನವಾಯಿತು. ದರ್ಜಿಯಮ್ಮ ಬಿಲ್ಲೆಯನ್ನು ಕಿತ್ತು ಬೆಳಕಿಗೆ ಹಿಡಿದರು. ರಸ್ತೆಗೆ ಉಜ್ಜಿದರೆ ಗೆರೆಗಳು ಒಂದೇ ಕಡೆ ಹೋಗುತ್ತವೆ, ಅಂಚು ಕರಗಿದಂತೆ ಇರುತ್ತದೆ. ಇದರಲ್ಲಿ ಗೆರೆಗಳು ಅಡ್ಡಾದಿಡ್ಡಿಯಾಗಿದ್ದವು, ಸಂದಿಯಲ್ಲಿ ಸಿಮೆಂಟಿನ ಪುಡಿ ಇತ್ತು. ಹಿತ್ತಲಲ್ಲಿ ಕೂತು ಅವನು ಅದನ್ನು ಮನೆಯ ಮೆಟ್ಟಿಲಿಗೆ ಕೈಯಲ್ಲೇ ಉಜ್ಜಿದ್ದ. ತಾಯಿ, ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹೆದರುವವನನ್ನು ಹೇಗಾದರೂ ಕಾಯಬಹುದು, ಹೆದರಿಕೆಯನ್ನು ಬಚ್ಚಿಟ್ಟುಕೊಂಡು ಆ ವೇಗದಲ್ಲಿ ಹೋಗುವವನನ್ನು ಹೇಗೆ ಕಾಯುವುದು?

ಅವಳು ಅದೇ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಬಿಲ್ಲೆಯನ್ನು ಅವನ ಕೈಗಿಟ್ಟಳು. ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದಳು. ಬರಲಿಲ್ಲ.

"ನಾನು ಮೊದ್ಲು ಹೇಗೆ ಓಡಿಸ್ತಿದ್ದೆ ಅಂತ ನಂಗೇ ಗೊತ್ತಿಲ್ಲ ಅಕ್ಕ. ಕೈಕಾಲು ತಾವೇ ಮಾಡ್ಕೋತಿದ್ವು. ಈಗ ಕೇಳಿದ್ರೆ ಅವಕ್ಕೂ ಗೊತ್ತಿಲ್ವಂತೆ. ತಿರುವು ಹತ್ರ ಬಂದ್ರೆ ಹೊಟ್ಟೆ ಒಳಗೆ ಏನೋ ಬೀಳುತ್ತೆ. ಕಣ್ಣು ಗೋಡೆ ಕಡೆನೇ ಹೋಗುತ್ತೆ."

"ಅದಕ್ಕೆ ಹೆದರಿಕೆ ಅಂತಾರೆ ಕಣೋ."

ಅವನು ಅವಳನ್ನು ದಿಟ್ಟಿಸಿದ. "ಇದಾ? ನಿಂಗೆ ಯಾವಾಗ್ಲೂ ಹೀಗೇ ಆಗ್ತಿತ್ತಾ?"

"ಯಾವಾಗ್ಲೂ."

"ಮತ್ತೆ ಹೇಗೆ ಓಡಿಸ್ತಿದ್ದೆ?"

"ಹೆದರ್ಕೊಂಡೇ ಓಡಿಸ್ತಿದ್ದೆ. ತೇಪೆ, ಬಿರುಕು, ಕಲ್ಲು ಅಂತ ಹೇಳ್ಕೋತಾ."

"ನಂಗೆ ಹೇಳ್ಕೊಳ್ಳೋಕೆ ಏನೂ ಇಲ್ವಲ್ಲ" ಎಂದ ಅವನು. ಅವನ ದನಿ ಚಿಕ್ಕ ಹುಡುಗನದಾಗಿತ್ತು. "ಮುಂದಿನ ಭಾನುವಾರ ರೇಸು. ಯಾರಿಗೂ ಹೇಳ್ಬೇಡ. ನಾನು ಓಡ್ತೀನಿ. ಓಡ್ಲೇಬೇಕು."

ಬೇಡ ಎಂದರೆ ಕೇಳುವ ಹಾಗಿರಲಿಲ್ಲ. ಮೇಷ್ಟ್ರಿಗೆ ಹೇಳಿದರೆ ಇವನು ಮನೆಯನ್ನೇ ಬಿಟ್ಟು ಬೇರೆ ತಂಡಕ್ಕೆ ಹೋಗುತ್ತಾನೆ, ಅಲ್ಲಿ ಇವನನ್ನು ನೋಡುವವರು ಯಾರೂ ಇರುವುದಿಲ್ಲ. ಅವಳಿಗೆ ಹೊಳೆದದ್ದು ಒಂದೇ.

"ನಿನ್ನ ದಾರಿ ನಿಂಗೆ ಮರೆತುಹೋಗಿದೆ. ನಂಗೆ ಮರೆತಿಲ್ಲ. ಇಷ್ಟು ವರ್ಷ ನಿನ್ನ ಹಿಂದಿನ ಚಕ್ರ ನೋಡಿದ್ದು ಬಿಟ್ರೆ ನಾನು ಬೇರೆ ಏನು ಮಾಡಿದ್ದೀನಿ? ನಾನು ಮುಂದೆ ಹೋಗ್ತೀನಿ, ನೀನು ಹಿಂದೆ ಬಾ."

ಮಾರನೆಯ ದಿನ ಇಬ್ಬರೂ ಟ್ರ್ಯಾಕು ನಡೆದರು. ಅವನು ನಡೆದದ್ದು ಅದೇ ಮೊದಲು. ಬಿರುಕನ್ನು ಕಂಡು, "ಇದು ಇಲ್ಲಿತ್ತಾ?" ಎಂದು ಬೆಪ್ಪಾದ. ಆಮೇಲೆ ಗಾಡಿ ತೆಗೆದರು. ಅವಳು ಮೊದಲು ನಿಧಾನವಾಗಿ ಹೋದಳು. ರೇಸಿನ ಗಾಡಿಗೆ ಕನ್ನಡಿ ಇರುವುದಿಲ್ಲ. ಹಿಂದೆ ಅವನು ಇದ್ದಾನೆ ಎನ್ನುವುದಕ್ಕೆ ಅವನ ಇಂಜಿನ್ನಿನ ಸದ್ದೇ ಗುರುತು. ಸುತ್ತು ಸುತ್ತಿಗೂ ಆ ಸದ್ದು ಹತ್ತಿರವಾಯಿತು, ಹದವಾಯಿತು. ಹೆಲ್ಮೆಟ್ ತೆಗೆದಾಗ ಅವನ ಮುಖದಲ್ಲಿ ಹಳೆಯ ಕಳೆ ಸ್ವಲ್ಪ ಬಂದಿತ್ತು.

"ಅಯ್ಯೋ ಅಕ್ಕ, ನಾನು ಅಲ್ಲಿ ಹಾಗೆ ಹೋಗ್ತಿದ್ನಾ? ಎಷ್ಟು ಚೆನ್ನಾಗಿದೆ!"

ಗೋಡೆ ತಿರುವಿನಲ್ಲಿ ಮಾತ್ರ ಪ್ರತಿ ಸಲವೂ ಅವನ ಸದ್ದು ಮುರಿದುಬೀಳುತ್ತಿತ್ತು. ರೇಸಿನ ಹಿಂದಿನ ದಿನ ಅವನು ಹೇಳಿಯೇಬಿಟ್ಟ. "ಅಲ್ಲಿ ನೀನು ತೋರಿಸ್ತಿರೋದು ನನ್ನ ದಾರಿ ಅಲ್ಲ, ನಿಂದು. ನೀನು ಬ್ರೇಕ್ ಹಿಡೀತೀಯ. ನಾನು ಹಿಡೀತಿರ್ಲಿಲ್ಲ ಅಂತ ನೀನೇ ಹೇಳಿದ್ದು. ತೋರಿಸು. ಒಂದೇ ಒಂದು ಸಲ ತೋರಿಸು, ನಾನು ಹಿಂದೇನೇ ಬರ್ತೀನಿ."

ಅವಳು ಆಗಲ್ಲ ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲ ಎಂದು ನಾನು ಕೇಳಿದ್ದೇನೆ. "ನಾನು ಆಗಲ್ಲ ಅಂದಿದ್ರೆ ಅವನು ಮಾರನೇ ದಿನ ರೇಸಲ್ಲಿ ಒಬ್ಬನೇ ಮಾಡಿ ನೋಡ್ತಿದ್ದ" ಎಂದಳು.

ಹೊರಟರು. ಮೊದಲ ತಿರುವು, ಎರಡನೆಯದು, ದಿಬ್ಬ. ಹಿಂದೆ ಅವನ ಸದ್ದು ಅಂಟಿಕೊಂಡೇ ಇತ್ತು. ದಿಬ್ಬ ಇಳಿದು ನೇರ ದಾರಿಗೆ ಬಂದರು. ಬೆವರು ಅವಳ ಕಣ್ಣಿಗಿಳಿಯಿತು. ಹೇಳಿಕೊಳ್ಳಲು ಬಾಯಿ ತೆರೆದರೆ ದನಿ ಬರಲಿಲ್ಲ. ತೇಪೆ ಬಂತು. ಇಷ್ಟು ವರ್ಷ ಅಲ್ಲಿ ಬ್ರೇಕು ಹಿಡಿದ ಬೆರಳು ತಾನಾಗಿ ಚಾಚಿತು. ಅದನ್ನು ಬಲವಂತವಾಗಿ ಮಡಿಸಿ ಹಿಡಿಕೆಗೆ ಒತ್ತಿದಳು. ಆಸ್ಪತ್ರೆಯ ಕತ್ತರಿ ತನ್ನ ಎದೆಯ ಮೇಲೆ ಸೂಟಿನ ಚರ್ಮವನ್ನು ಕತ್ತರಿಸುತ್ತ ಇಳಿಯುವ ಸದ್ದು ಕೇಳಿದಂತಾಯಿತು. ಬಿರುಕು. ಉಗುರಿನಷ್ಟು ಸಡಿಲಿಸಿದಳು. ಮೈ ಬಿಟ್ಟಳು. ಮಂಡಿಯ ಬಿಲ್ಲೆ ನೆಲಕ್ಕೆ ತಗುಲಿ ಕಿರ್ರ್ ಎಂದಿತು, ಆಮೇಲೆ ಮೊಣಕೈ ತಗುಲಿತು. ಅವಳ ಮೊಣಕೈ ಹಿಂದೆಂದೂ ನೆಲ ಮುಟ್ಟಿದ್ದಿಲ್ಲ. ಗೋಡೆಯ ಟೈರುಗಳು ಒಂದೊಂದಾಗಿ ಕಾಣುವಷ್ಟು ಹತ್ತಿರ ಬಂದವು. ಮುಂದಿನ ಚಕ್ರ ಒಮ್ಮೆ ನಡುಗಿತು. ಅವಳು ಏನೂ ಮಾಡಲಿಲ್ಲ. ತಮ್ಮ ಅಲ್ಲಿ ಏನೂ ಮಾಡುತ್ತಿರಲಿಲ್ಲ. ಚಕ್ರ ನೆಲ ಕಚ್ಚಿತು, ಗಾಡಿ ಎದ್ದಿತು, ದಾರಿ ನೇರವಾಯಿತು.

ಆಗ ಗೊತ್ತಾಯಿತು, ಹಿಂದೆ ಸದ್ದಿಲ್ಲ ಎಂದು.

ಗಾಡಿ ನಿಲ್ಲಿಸಿದಳು. ಕತ್ತು ತಿರುಗಿಸಲು ಆಗಲಿಲ್ಲ. ತಿರುಗಿ ನೋಡದಿದ್ದರೆ ಏನೂ ಆಗಿಲ್ಲ ಎಂದೇ ಇರಬಹುದು ಎಂದು ಒಂದು ಕ್ಷಣ ಅನಿಸಿತಂತೆ. ಆಮೇಲೆ ಗಾಡಿಯನ್ನು ಅಲ್ಲೇ ಕೆಡವಿ, ಬಗ್ಗಿದ ಸೂಟಿನಲ್ಲಿ ನೆಟ್ಟಗೆ ಓಡಲೂ ಆಗದೆ, ತಡವರಿಸಿಕೊಂಡು ಹಿಂದಕ್ಕೆ ಓಡಿದಳು. ಜಲ್ಲಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಬುಡದಲ್ಲೂ ಇರಲಿಲ್ಲ.

ತಿರುವು ಶುರುವಾಗುವ ಮೊದಲೇ, ರಸ್ತೆಯ ಪಕ್ಕದಲ್ಲಿ ಅವನು ಕೂತಿದ್ದ. ಗಾಡಿ ಹುಲ್ಲಿನ ಮೇಲೆ ಮಲಗಿತ್ತು. ಹೆಲ್ಮೆಟ್ ತೆಗೆದಿದ್ದ. ಎರಡೂ ಕೈಯಲ್ಲಿ ಹುಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

"ಬಿದ್ಯೇನೋ? ಎಲ್ಲಿ ಏಟಾಯ್ತು? ಮಾತಾಡೋ!"

"ಬೀಳ್ಲಿಲ್ಲ" ಎಂದ. ಹಲ್ಲು ಕಟಕಟ ಎನ್ನುತ್ತಿದ್ದವು. "ನೀನು ಬ್ರೇಕ್ ಹಿಡೀಲಿಲ್ಲ. ನೀನು ಬೀಳ್ತೀಯ ಅಂತ... ಕಣ್ಣು ಮುಚ್ಕೊಂಡೆ ಅಕ್ಕ. ಗಾಡಿ ಮೇಲೆ ಇದ್ದಾಗ್ಲೇ ಕಣ್ಣು ಮುಚ್ಕೊಂಡೆ. ಹೇಗೆ ನಿಂತ್ನೋ ಗೊತ್ತಿಲ್ಲ."

ಅವಳು ಅವನ ಪಕ್ಕದಲ್ಲೇ ಕೂತಳು.

"ನೀನು, ಅಮ್ಮ, ಇಷ್ಟು ವರ್ಷ ಹೀಗೇ ನೋಡ್ತಿದ್ರಾ ನನ್ನ?"

ಅವಳು ಅವನ ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿದಳು. ಆಮೇಲೆ ಇಬ್ಬರೂ ಅತ್ತರು. ತಿರುವಿನ ಕಾವಲಿಗೆ ನಿಂತಿದ್ದ ಬಾವುಟದವನು ಓಡಿಬಂದು, ಏಟು ಬಿದ್ದಿದೆಯೆಂದು ಆಂಬುಲೆನ್ಸಿಗೆ ಕೈ ಬೀಸಿ ಕರೆದ. ಆಂಬುಲೆನ್ಸಿನವರನ್ನು ವಾಪಸ್ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಆ ಸಂಜೆ ತಮ್ಮ ತಾನಾಗಿಯೇ ಮೇಷ್ಟ್ರ ಹತ್ತಿರ ಹೋದ. ಬಿಲ್ಲೆ ಉಜ್ಜಿದ್ದನ್ನೂ ಮುಚ್ಚಿಡದೆ ಹೇಳಿದ. ಮೇಷ್ಟ್ರು, "ಅದು ವಾಪಸ್ ಬರುತ್ತೆ ಕಣೋ, ಆತುರ ಬೇಡ" ಎಂದರು.

"ಬಂದ್ರೆ ಬರ್ಲಿ ಸಾರ್. ಅದು ಬರೋತನಕ ನಾನು ಗೋಡೆ ಹತ್ರ ಹೋಗಿ ಕಾಯಲ್ಲ."

ಮರುದಿನದ ರೇಸಿನಲ್ಲಿ ತಂಡದಿಂದ ಅಕ್ಕ ಒಬ್ಬಳೇ ಓಡಿದಳು. ಗೋಡೆ ತಿರುವಿನಲ್ಲಿ ಬ್ರೇಕು ಹಿಡಿದಳೋ ಇಲ್ಲವೋ ಎಂದು ಕೇಳಿದರೆ, "ಕೆಲವು ಸಲ ಹಿಡಿದೆ, ಕೆಲವು ಸಲ ಇಲ್ಲ" ಎನ್ನುತ್ತಾಳೆ. ಮೂರನೆಯವಳಾಗಿ ಬಂದಳು. ಅವಳಿಗೆ ಸಿಕ್ಕ ಮೊತ್ತಮೊದಲ ಬಹುಮಾನ ಅದು. "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಮೇಷ್ಟ್ರು ಕುಣಿದಾಡಿದರು. ಅವಳಿಗೆ ಆ ಹೊಗಳಿಕೆ ಹಿಡಿಸಲಿಲ್ಲ. ಊರಿನಲ್ಲಿ ಜನ ಎರಡು ಪಂಗಡವಾದರು. ಅಭ್ಯಾಸದ ಮುಂದೆ ಪ್ರತಿಭೆ ಏನೂ ಅಲ್ಲ ಎಂದು ಒಬ್ಬರು, ಅವನು ಬೀಳದೇ ಇದ್ದಿದ್ದರೆ ಇವಳು ಯಾವ ಲೆಕ್ಕ ಎಂದು ಇನ್ನೊಬ್ಬರು. ಒಮ್ಮೆ ನನ್ನ ಎದುರೇ ಈ ಚರ್ಚೆ ನಡೆದಾಗ ಅವಳು ಸಿಡುಕಿದಳು. "ಸುಮ್ನಿರಿ. ಅವನು ದಾರಿ ಕಂಡುಹಿಡಿದ, ನಾನು ಬಾಯಿಪಾಠ ಮಾಡ್ದೆ. ನೂರು ವರ್ಷ ಅಭ್ಯಾಸ ಮಾಡಿದ್ರೂ ಆ ದಾರಿ ನಂಗೆ ಹೊಳೀತಿರ್ಲಿಲ್ಲ. ಅವನಿಗೆ ಹೆದರೋದು ಅಭ್ಯಾಸ ಇರ್ಲಿಲ್ಲ, ಅಷ್ಟೇ."

ಹೀಗೆ ಅವಳು ಮತ್ತೆ ಹಲವು ವರ್ಷ ಓಡಿದಳು. ಒಂದೆರಡು ರೇಸ್ ಗೆದ್ದಳು, ಹೆಚ್ಚಿನವನ್ನು ಸೋತಳು, ಒಮ್ಮೆ ಮಣಿಕಟ್ಟು ಮುರಿದುಕೊಂಡಳು. ಭಯ ಒಂದು ದಿನವೂ ಬಿಡಲಿಲ್ಲ. ತಮ್ಮನಿಗೆ ಹಳೆಯದು ವಾಪಸ್ ಬರಲೂ ಇಲ್ಲ. ಅವನು ಟ್ರ್ಯಾಕಿನಲ್ಲಿ ಬಾವುಟ ಹಿಡಿಯುವ ಕೆಲಸಕ್ಕೆ ಸೇರಿಕೊಂಡ. ಯಾರಾದರೂ ಬಿದ್ದರೆ ಹಿಂದಿನವರಿಗೆ ಹಳದಿ ಬಾವುಟ ಬೀಸುವುದು, ಜಲ್ಲಿಗೆ ಓಡುವುದು. ಅವನಷ್ಟು ಬೇಗ ಬಾವುಟ ಎತ್ತುವವರು ಇಲ್ಲ ಎನ್ನುತ್ತಾರೆ. ಸವಾರ ಬೀಳುವ ಮೊದಲೇ ಅವನಿಗೆ ಗೊತ್ತಾಗುತ್ತದಂತೆ. ಅವನು ಗೋಡೆ ತಿರುವೇ ಬೇಕು ಎಂದು ಕೇಳಿ ಪಡೆದಿದ್ದ; ಅಕ್ಕ ಓಡುವ ದಿನ ಮಾತ್ರ ಅವನನ್ನು ಅಲ್ಲಿ ನಿಲ್ಲಿಸುತ್ತಿರಲಿಲ್ಲ. ದಿಬ್ಬದ ಈಚೆ, ಆ ತಿರುವು ಕಾಣದ ಜಾಗದಲ್ಲಿ ನಿಲ್ಲಿಸುತ್ತಿದ್ದರು.

ಅವಳ ಕೊನೆಯ ರೇಸು ನಾನೂ ನೋಡಿದೆ. ಎಷ್ಟನೆಯವಳಾಗಿ ಬಂದಳೋ ನೆನಪಿಲ್ಲ, ನಡುವಿನಲ್ಲಿ ಎಲ್ಲೋ. ಮುಗಿಸಿ, ಸೂಟು ಬಿಚ್ಚಿಟ್ಟು, ತಮ್ಮನನ್ನು ಹುಡುಕಿಕೊಂಡು ದಿಬ್ಬದ ಹತ್ತಿರ ಹೋದಳು. ನಾನು ಜೊತೆಗಿದ್ದೆ. ಎಲ್ಲ ಗಾಡಿಗಳೂ ಒಳಗೆ ಹೋಗಿದ್ದರೂ ಅವನು ಬಾವುಟದ ಕೋಲು ಹಿಡಿದು ನಿಂತೇ ಇದ್ದ.

"ಬಿಡೋ, ಮುಗೀತು."

"ಪೂರ್ತಿ ಮುಗೀತಾ? ಮತ್ತೆ ಓಡಲ್ಲ ತಾನೇ?"

"ಇಲ್ಲ ಮಾರಾಯ. ನಡಿ, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ."

ಅವನ ಬೆರಳುಗಳನ್ನು ಕೋಲಿನಿಂದ ಅವಳೇ ಬಿಡಿಸಬೇಕಾಯಿತು. ವ್ಯಾನು ಅವಳು ಓಡಿಸಿದಳು. ಅವನು ಪಕ್ಕದಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಊರಿನ ರಸ್ತೆಗೆ ಬಂದಮೇಲೆ, ವೇಗ ಅಷ್ಟೇನೂ ಇರದಿದ್ದರೂ, ಅವನು ಮುಂದಿನ ಹಿಡಿಕೆ ಹಿಡಿದುಕೊಂಡ.

"ಸ್ವಲ್ಪ ನಿಧಾನ ಹೋಗೇ ಅಕ್ಕ."

ಅವಳು ಗೇರು ಇಳಿಸಿದಳು. ಹಿಂದೆ ಬರುತ್ತಿದ್ದ ಲಾರಿ ಹಾರ್ನು ಹೊಡೆಯುತ್ತಲೇ ಇತ್ತು.